ಸಫರ್ ಕಾಕಾನ ತಾಯಿಕಲ್ಲು

ನಮ್ಮ ಮನೆಗೂ ಸಫರ್ ಕಾಕಾನ ಮನೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಗೋಡೆಯಾಚೆ ಸಾಣೆ ತಿರುಗಲು ಶುರುವಾದರೆ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಅದು ತಂದೂರಿನ ರೊಟ್ಟಿಯ ವಾಸನೆಯಷ್ಟೇ ಮನೆಯದು. ಲಾಜವರ್ದವೆಂಬ ನೀಲಿ ಕಲ್ಲನ್ನು ಸಾಣೆಗೆ ಕೊಟ್ಟಾಗ ಅದರ ಹೊಟ್ಟೆಯಿಂದ ಏಳುವ ಘಾಟು ಅದು. ಕಲ್ಲಿನಲ್ಲಿ ನೀಲಿ ಹೆಚ್ಚಿದಷ್ಟೂ ಘಾಟು ಹೆಚ್ಚು.

"ನೋಡೋಕೆ ಮದುಮಗಳು, ಮೂಸೋಕೆ ಕೋಳಿಗೂಡು" ಎಂದು ನನ್ನ ಅಪ್ಪ ತಮ್ಮನನ್ನು ರೇಗಿಸುತ್ತಿದ್ದರು.

"ಅದಕ್ಕೇ ಅಣ್ಣ, ಅದನ್ನ ಕೊರಳಿಗೆ ಹಾಕ್ಕೊಳ್ಳೋದು, ಮೂಗಿಗಲ್ಲ" ಎಂದು ಗೋಡೆಯಾಚೆಯಿಂದ ಕಾಕಾ ಕೂಗಿ ಹೇಳುತ್ತಿದ್ದರು.

ಕೋಕ್ಚಾ ನದಿಯ ದಂಡೆಯ ನಮ್ಮ ಊರಿನಲ್ಲಿ ಕಲ್ಲು ಕಡೆದು ಮಣಿ ಮಾಡಬಲ್ಲವರು ಕಾಕಾ ಒಬ್ಬರೇ. ಅವರ ಅಪ್ಪ, ಅಂದರೆ ನನ್ನ ಅಜ್ಜ, ನದಿಯ ಮೇಲ್ಭಾಗದ ಗಣಿಗಳಲ್ಲಿ ದುಡಿದವರು. ಬಂಡೆಗೆ ಬೆಂಕಿ ಒಡ್ಡಿ, ಕಾದ ಮೇಲೆ ಹಿಮದ ನೀರು ಎರಚಿ ಸೀಳುತ್ತಿದ್ದ ಕಾಲದವರು. ಮೊಣಕಾಲು ಸೋತು ಊರಿಗೆ ಇಳಿದು ಬರುವಾಗ ಅವರು ತಂದ ಆಸ್ತಿಯೆಂದರೆ ಒಂದು ಮುದಿ ಕತ್ತೆ ಮತ್ತು ಒಂದು ಕಲ್ಲು. ಕತ್ತೆ ಮರುವರ್ಷವೇ ಸತ್ತಿತು. ಕಲ್ಲು ಉಳಿಯಿತು.

ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡದು ಅದು. ಒಂದು ಅರ್ಧ ಬೂದು ಬಂಡೆ. ಅದರಲ್ಲಿ ಅಲ್ಲಲ್ಲಿ ನೀಲಿಯ ಎಳೆ ಅಷ್ಟೆ. ಇನ್ನೊಂದು ಅರ್ಧ ಬರೀ ನೀಲಿ. ಸೂರ್ಯ ಮುಳುಗಿ ಮೊದಲ ನಕ್ಷತ್ರ ಕಾಣುವ ಹೊತ್ತಿನಲ್ಲಿ ನಮ್ಮ ಬೆಟ್ಟಗಳ ಮೇಲೆ ಇರುತ್ತದಲ್ಲ, ಆ ನೀಲಿ. ನಡುನಡುವೆ ಚಿನ್ನದ ನುಚ್ಚು ಚೆಲ್ಲಿದ ಹಾಗೆ ಮಿನುಗು. ಕಾಕಾ ಅದನ್ನು ಉಣ್ಣೆಯ ಕಂಬಳಿಯ ತುಂಡಿನಲ್ಲಿ ಸುತ್ತಿ ಗೋಧಿ ಕಣಜದ ತಳದಲ್ಲಿ ಇಟ್ಟಿದ್ದರು. ಒಬ್ಬಳೇ ಮಗಳು ನಾಜ್‌ಪರಿಯ ಮದುವೆಗೆ ಅದು ತಾಯಿಕಲ್ಲು.

ನಮ್ಮ ಕಣಿವೆಯಲ್ಲಿ ಮದುಮಗಳ ಸರದ ಮಣಿಗಳೆಲ್ಲ ಒಂದೇ ಕಲ್ಲಿನಿಂದ ಬಂದಿರಬೇಕು. ಬೇರೆ ಬೇರೆ ಕಲ್ಲಿನ ಮಣಿಗಳು ಒಂದೇ ದಾರದಲ್ಲಿ ಕೂತರೆ ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಆಗುವುದಿಲ್ಲ ಎನ್ನುತ್ತಾರೆ. ಅಪ್ಪ ಕಲ್ಲಿನ ಕೆಲಸದವನಾದರೆ ಮಣಿ ಅವನ ಕೈಯದೇ ಆಗಬೇಕು. ಮದುವೆಯ ದಿನ ಗಂಡಿನ ಕಡೆಯ ಹೆಂಗಸರು ಬಿಳಿ ಬೋಗುಣಿಯಲ್ಲಿ ನೀರು ತುಂಬಿಸಿ ಸರವನ್ನು ಅದರೊಳಗೆ ಇಳಿಸುತ್ತಾರೆ. ನೀರು ತಾಗಿದೊಡನೆ ಲಾಜವರ್ದ ಎಚ್ಚರಗೊಳ್ಳುತ್ತದೆ. ಆ ನೀಲಿ ಕಂಡ ಕೂಡಲೇ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಕೂಗು ಹಾಕುತ್ತಾರೆ. ಹೆಣ್ಣಿನ ಅಪ್ಪ ಹೊಸ್ತಿಲಾಚೆ ನಿಂತು ಆ ಕೂಗಿಗೆ ಕಾಯುತ್ತಾನೆ. ಕಾಕಾ ಸುತ್ತಲಿನ ಊರುಗಳ ಎಷ್ಟೋ ಮದುವಣಗಿತ್ತಿಯರಿಗೆ ಸರ ಮಾಡಿ, ಎಷ್ಟೋ ಹೊಸ್ತಿಲುಗಳ ಹೊರಗೆ ಆ ಅಪ್ಪಂದಿರ ಪಕ್ಕದಲ್ಲಿ ನಿಂತು ಕೂಗು ಕೇಳಿದ್ದರು. ತಮ್ಮ ಸರದಿಗೆ ಕಾಯುತ್ತಿದ್ದರು.

ಪ್ರತಿ ನವ್ರೋಜ್ ಹಬ್ಬದ ಬೆಳಿಗ್ಗೆ ಅವರು ಕಲ್ಲನ್ನು ಹೊರತೆಗೆದು ಒದ್ದೆ ಅಂಗೈಯಿಂದ ಸವರಿ ನಾಜ್‌ಪರಿಯ ಮುಂದೆ ಹಿಡಿಯುತ್ತಿದ್ದರು.

"ಇದು ನಿಂದು. ಮುಟ್ಟು."

"ನಂಗೆ, ಕಾಕಾ?" ಎಂದು ನಾನು ಕೈ ಚಾಚುತ್ತಿದ್ದೆ.

"ನಿಂಗೆ ಪುಸ್ತಕ ಇದೆಯಲ್ಲ ಸನೋಬರ್. ಅದನ್ನ ನೀರಲ್ಲಿ ಮುಳುಗಿಸಿ ನೋಡು, ಏನು ಬಣ್ಣ ಬರುತ್ತೆ ಅಂತ."

ಹೀಗೆ ಹಾಸ್ಯ ಮಾಡಿದರೂ ನಾನು ಫೈಜಾಬಾದಿಗೆ ಶಿಕ್ಷಕಿ ತರಬೇತಿಗೆ ಹೊರಟಾಗ ಜೀಪಿನಲ್ಲಿ ಜೊತೆಗೆ ಬಂದವರು ಅವರೇ. ನಮ್ಮ ಮನೆತನದಲ್ಲಿ ಓದು ಮುಗಿಸಲು ಊರು ಬಿಟ್ಟವಳು ನಾನೇ ಮೊದಲಿಗಳು. ಹಾಸ್ಟೆಲಿನ ಬಾಗಿಲಲ್ಲಿ ಅವರು ನನ್ನ ಶಾಲಿನ ಒಳಮಗ್ಗುಲಿಗೆ ಒಂದು ನೀಲಿ ಮಣಿ ಕಟ್ಟಿದರು. "ಪಟ್ಟಣದವರ ದೃಷ್ಟಿ ಚೂಪು. ಇದು ಮೈಮೇಲೆ ಇರಲಿ" ಎಂದರು. ಆ ಮಣಿ ಈಗಲೂ ನನ್ನ ಬಳಿ ಇದೆ. ಅದರ ರಂಧ್ರ ಎಷ್ಟು ನೇರ ಎಂದರೆ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಸೂರ್ಯ ಕಾಣುತ್ತಾನೆ.

ಓದು ಮುಗಿಸಿ ನಾನು ಊರಿನ ಶಾಲೆಗೇ ಶಿಕ್ಷಕಿಯಾಗಿ ಬಂದೆ. ಆ ವರ್ಷದ ಹಿಪ್ಪುನೇರಳೆ ಹಣ್ಣಿನ ಕಾಲದಲ್ಲಿ ಕಲಂದರ್ ಬಂದಿದ್ದ. ಕಾಕಾನ ಮಣಿಗಳನ್ನು ಕಾಬೂಲಿಗೆ ಒಯ್ದು ಆಭರಣ ಮಾಡುವವರಿಗೆ ಮುಟ್ಟಿಸುವ ವ್ಯಾಪಾರಿ ಅವನು. ಹಳೆಯ ಸ್ನೇಹಿತ. ಪೋಣಿಸಿದ ಸರವೊಂದನ್ನು ಕಿಟಕಿಯ ಬಳಿ ಎತ್ತಿ ಹಿಡಿದು ಹುಬ್ಬು ಏರಿಸಿದ.

"ಉಸ್ತಾದ್, ಇದೇನು? ಮೂರು ಹೆಂಡಿರ ಮಕ್ಕಳನ್ನ ಒಂದೇ ಹಾಸಿಗೇಲಿ ಮಲಗಿಸಿದ್ದೀರಲ್ಲ?"

"ಯಾಕಪ್ಪ, ಏನಾಗಿದೆ ಅದಕ್ಕೆ?"

"ಇದು ಕಡುನೀಲಿ. ಇದು ತೆಳು. ಇದಂತೂ ಹಸಿರು, ಪಾಚಿ ಥರ."

"ನಿನ್ನ ಕಣ್ಣಿಗೆ ಒಲೆ ಹೊಗೆ ಹತ್ತಿದೆ ಕಣೋ. ಹೋಗಿ ಮುಖ ತೊಳ್ಕೊಂಡು ಬಾ."

ಬೇರೆ ದಿನವಾಗಿದ್ದರೆ ಕಲಂದರ್ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದ. ಅಂದು ಅವನು ನಗಲಿಲ್ಲ. ಚಹಾ ತಂದಿಟ್ಟ ಬಖ್ತ್‌ಬೀಬಿ ಕಾಕಿಯ ಮುಖ ನೋಡಿದ. ಕಾಕಿ ತಲೆ ತಗ್ಗಿಸಿದರು.

ಅಂದಿನಿಂದ ಕಾಕಿ ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಕೂತು ಕಲ್ಲಿನ ಚೂರುಗಳನ್ನು ತಾವೇ ಬೇರ್ಪಡಿಸತೊಡಗಿದರು. ಕಡುನೀಲಿ ತಾಮ್ರದ ಬಟ್ಟಲಿಗೆ, ತೆಳುನೀಲಿ ಮರದ ಬಟ್ಟಲಿಗೆ, ಹಸಿರು ಛಾಯೆಯದು ತಗಡಿನ ಡಬ್ಬಕ್ಕೆ. "ತೊಳೆದು ಇಟ್ಟಿದ್ದೀನಿ ನಾಜ್‌ಪರಿ ಅಪ್ಪಾ" ಎಂದಷ್ಟೇ ಹೇಳುತ್ತಿದ್ದರು. ಕಾಕಾ ಬಟ್ಟಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಕೆಲಸಕ್ಕೆ ಕೂರುತ್ತಿದ್ದರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗಲೆಲ್ಲ ಕಾಕಾ, "ಈ ಬಾಗಿಲು ಚಳಿಗೆ ಕುಗ್ಗಿದೆ" ಎನ್ನುತ್ತಿದ್ದರು. ಬೇಸಿಗೆಯಲ್ಲೂ ಹಾಗೇ ಎನ್ನುತ್ತಿದ್ದರು.

ಮರುವರ್ಷ ಚಳಿಗಾಲದಲ್ಲಿ ನಾಜ್‌ಪರಿಗೆ ಸಂಬಂಧ ಕುದುರಿತು. ನದಿಯ ಕೆಳಭಾಗದ ಊರಿನ ತಾವೂಸ್ ಖಾಲಾ ಅವರ ಮಗ. ತಾವೂಸ್ ಖಾಲಾ ದಪ್ಪ ದನಿಯ, ಬಾಯಿ ಜೋರಿನ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹೆಂಗಸು. ನಿಶ್ಚಯದ ದಿನ ಉಪ್ಪು ಬೆಣ್ಣೆ ಹಾಕಿದ ಹಾಲಿನ ಚಹಾಕ್ಕೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಾ ಅಂದರು:

"ಉಸ್ತಾದ್ ಸಫರ್, ಗೋಧಿ ಕೊಯ್ಲಾದ ಮೇಲೆ ಮದುವೆ. ನಮ್ಮೂರ ಹೆಂಗಸರೆಲ್ಲ ಈಗ್ಲೇ ಬೋಗುಣಿ ಉಜ್ಜಿ ಇಟ್ಕೊಂಡಿದ್ದಾರೆ. ನನ್ನ ಮದುವೆ ಸರಾನೂ ನೀವೇ ಮಾಡಿದ್ದು, ನೆನಪಿದೆಯಾ? ನೀರಿಗೆ ಇಳಿಸಿದ್ದೇ ತಡ, ಕೂಗಿಗೆ ಮಾಳಿಗೆ ಮೇಲಿನ ಪಾರಿವಾಳ ಎಲ್ಲ ಹಾರಿಹೋದ್ವಂತೆ."

"ಆಗ ನಾನು ಮೀಸೆ ಬರದ ಹುಡುಗ. ಕೈ ನಡುಗ್ತಿತ್ತು."

"ಈಗ?"

"ಈಗ ಕೈ ನಡುಗಲ್ಲ" ಎಂದರು ಕಾಕಾ.

ಅದು ನಿಜವೇ. ಕೈಗೆ ಏನೂ ಆಗಿರಲಿಲ್ಲ.

ಹಿಮ ಕರಗಿ ರಸ್ತೆ ತೆರೆದೊಡನೆ ನಾನು ಹಟ ಹಿಡಿದು ಅವರನ್ನು ಫೈಜಾಬಾದಿಗೆ ಕರೆದುಕೊಂಡು ಹೋದೆ. ಕಣ್ಣಿನ ವೈದ್ಯರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಬಹಳ ಹೊತ್ತು ದೀಪ ಹಿಡಿದು ನೋಡಿದರು. ಕಣ್ಣಿನ ಒಳಗೆ ಒತ್ತಡ ಏರಿದೆ, ನೋಟದ ನರ ಒಣಗಿದೆ ಎಂದರು. "ಹೋದದ್ದನ್ನ ವಾಪಸ್ ತರೋಕೆ ನಮ್ಮ ಕೈಲಿ ಆಗಲ್ಲ ಚಾಚಾ. ಉಳಿದದ್ದನ್ನ ಕಾಪಾಡ್ಕೊಳ್ಳೋಕೆ ಈ ಹನಿ. ಒಂದು ದಿನಾನೂ ತಪ್ಪಿಸಬಾರದು."

"ನೀಲಿ ಯಾವಾಗ ಬರುತ್ತೆ ಡಾಕ್ಟರ್ ಸಾಹೇಬ್?"

"ನೀಲಿ?"

"ನಂಗೆ ಬೇರೆ ಏನೂ ಬೇಡ. ಬಾಗಿಲು ಕಾಣದಿದ್ರೆ ಮಗಳು ಕೈ ಹಿಡೀತಾಳೆ. ನೀಲಿ ಒಂದು ಬೇಕು, ಗೋಧಿ ಕೊಯ್ಲಿನ ತನಕ."

ವೈದ್ಯರು ನನ್ನತ್ತ ನೋಡಿದರು. ಈ ರೋಗದಲ್ಲಿ ಕೆಲವರಿಗೆ ನೀಲಿಯೇ ಮೊದಲು ಹೋಗುವುದುಂಟು ಎಂದು ಮೆಲ್ಲಗೆ ಹೇಳಿದರು.

ಹಿಂತಿರುಗುವಾಗ ಜೀಪಿನಲ್ಲಿ ಕಾಕಾ ಹನಿಯ ಸೀಸೆಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಿದ್ದರು. ಕೋಕ್ಚಾದ ಸೇತುವೆ ದಾಟಿದ ಮೇಲೆ ತಮಗೆ ತಾವೇ ಎಂಬಂತೆ ಅಂದರು: "ಕೆಂಪು ಹೋಗಬಹುದಿತ್ತು. ಟೊಮೇಟೊ ಹಣ್ಣಾಗಿದೆಯೋ ಇಲ್ವೋ ಮೂಸಿ ತಿಳ್ಕೋತಿದ್ದೆ. ಹಸಿರು ಹೋಗಬಹುದಿತ್ತು. ಹುಲ್ಲು ಯಾವುದು ಅಂತ ಆಡು ತೋರಿಸ್ತಿತ್ತು. ನೀಲಿಗೆ ನನ್ನ ಮೇಲೆ ಏನು ಕೋಪ ಸನೋಬರ್?"

ನಾನು ಅವರ ಕೈ ಹಿಡಿದುಕೊಂಡೆ. ಕಣ್ಣಿನ ಒತ್ತಡದ ಬಗ್ಗೆ ವೈದ್ಯರಿಂದ ಕೇಳಿ ತಿಳಿದುಕೊಂಡದ್ದನ್ನು ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಲಾಜವರ್ದವನ್ನು ನಮ್ಮವರು ಕೊರಳಿಗೆ ಮಾತ್ರ ಕಟ್ಟುವುದಿಲ್ಲ. ಹುಟ್ಟಿದ ಮಗುವಿನ ಕಣ್ಣಿಗೆ ಅದರ ಪುಡಿಯ ಕಾಡಿಗೆ, ಅಂದರೆ ಸುರ್ಮಾ, ಹಚ್ಚುತ್ತಾರೆ. ಮನಸ್ಸು ಮಂಕಾದವರಿಗೆ ಕಲ್ಲು ನೆನೆಸಿದ ನೀರು ಕುಡಿಸುತ್ತಾರೆ. ಗಣಿಯ ಹೊಗೆಗೆ ಅಜ್ಜನ ಕಣ್ಣು ಮಂಜಾಗಿ, ಸುರ್ಮಾ ಹಚ್ಚಿದ ಮೇಲೆ ಮತ್ತೆ ಕಾಣತೊಡಗಿತು ಎಂಬ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಸುರ್ಮಾ ಮಾಡುವುದು ಸುಲಭವಲ್ಲ. ಸಾಣೆ ಮುಟ್ಟದ ಕಲ್ಲು ಬೇಕು. ಅದನ್ನು ಕುಟ್ಟಿ, ಅರೆದು, ನೀರಿನಲ್ಲಿ ತೊಳೆದು, ಕಸರು ಚೆಲ್ಲಿ, ಮತ್ತೆ ಅರೆದು, ಮತ್ತೆ ತೊಳೆದರೆ ಕೊನೆಗೆ ಉಳಿಯುವುದು ಒಂದು ಸಣ್ಣ ಸೀಸೆಯಷ್ಟು. ಮನೆಯಲ್ಲಿ ಸಾಣೆ ಮುಟ್ಟದ ಒಳ್ಳೆಯ ಕಲ್ಲು ಇದ್ದದ್ದು ಒಂದೇ.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಗೋಡೆಯಾಚೆಯಿಂದ ಆ ವಾಸನೆ ಬಂತು. ಸಾಣೆಯ ಸದ್ದು ಮಾತ್ರ ಇರಲಿಲ್ಲ. ಕುಟ್ಟುವ ಸದ್ದಿತ್ತು. ಕಾಕಿ, ನಾಜ್‌ಪರಿ ಇಬ್ಬರೂ ಹೊಲಕ್ಕೆ ಹೋಗಿದ್ದರು. ಕಾಕಾ ಕಲ್ಲಿನ ಕುಟ್ಟಾಣಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಉಣ್ಣೆಯ ಕಂಬಳಿಯ ತುಂಡು ಬಿಚ್ಚಿಕೊಂಡಿತ್ತು.

"ಏನ್ ಕುಟ್ತಾ ಇದೀರಿ ಕಾಕಾ?"

"ಬಾ, ಬಾ. ಔಷಧಿ. ಹೆದರಬೇಡ, ಮಗಳ ಪಾಲು ಮುಟ್ಟಿಲ್ಲ. ಬೂದು ಅರ್ಧ ಮಾತ್ರ ಸೀಳ್ಕೊಂಡೆ. ಅದ್ರಲ್ಲೂ ನೀಲಿ ಎಳೆ ಇದೆಯಲ್ಲ, ನನ್ನ ಕಣ್ಣಿಗೆ ಅಷ್ಟು ಸಾಕು."

ನಾನು ಕುಟ್ಟಾಣಿಯೊಳಗೆ ಬಗ್ಗಿ ನೋಡಿದೆ. ಅದರ ತಳದಲ್ಲಿ ಸಂಜೆಯ ಆಕಾಶ ಪುಡಿಯಾಗಿ ಬಿದ್ದಿತ್ತು.

ಕಂಬಳಿಯ ಮೇಲೆ ಅವರು ಮಗಳಿಗೆಂದು ಜೋಪಾನವಾಗಿ ಎತ್ತಿಟ್ಟಿದ್ದ ಅರ್ಧ ಕಲ್ಲು ನದಿಯ ದಂಡೆಯ ಯಾವ ಗುಂಡುಕಲ್ಲಿಗೂ ಕಡಿಮೆಯಿಲ್ಲದಷ್ಟು ಬೂದಾಗಿತ್ತು.

"ಗುರುತು ಹೇಗೆ ಹಿಡಿದ್ರಿ ಕಾಕಾ?" ನನ್ನ ದನಿ ನನಗೇ ಬೇರೆಯವರದೆನಿಸಿತು.

"ಕಣ್ಣಿಗೆ ಎರಡೂ ಒಂದೇ ಕಪ್ಪು. ಬೆರಳಿಗೆ ನೆನಪಿದೆ ನೋಡು. ನಿಮ್ಮಜ್ಜನ ಉಳಿ ತಾಗಿದ ಗೀರು ಒಂದಿದೆ, ಅದು ನೀಲಿ ಕಡೆ." ಅವರು ಬೂದು ಕಲ್ಲನ್ನು ಎತ್ತಿ ಹೆಬ್ಬೆರಳಿನಿಂದ ಗೀರನ್ನು ಸವರಿ ತೋರಿಸಿದರು. ಆಮೇಲೆ ಕುಟ್ಟಾಣಿಯನ್ನು ನನ್ನ ಮೂಗಿನ ಹತ್ತಿರ ತಂದರು. ಮುಖ ಅರಳಿತ್ತು. "ಮೂಸು. ಅಂಚಿನ ಕಲ್ಲೇ ಇಷ್ಟು ಘಾಟು ಹೊಡೆದ್ರೆ, ಒಳಗಿನದು ಹೇಗಿರಬೇಡ!"

ಗೀರು ಬೂದು ಕಡೆಯಲ್ಲಿ ಇತ್ತು. ಎಲ್ಲ ನವ್ರೋಜಿನಲ್ಲೂ ಅವರ ಕಣ್ಣು ನೀಲಿಯನ್ನು ನೋಡುತ್ತಿದ್ದಾಗ ಹಿಂಬದಿಯಲ್ಲಿ ಕಲ್ಲನ್ನು ಹಿಡಿದಿದ್ದ ಬೆರಳು ಗೀರಿನ ಮೇಲೆ ಇರುತ್ತಿತ್ತು. ಕಣ್ಣು, ಬೆರಳು ಎರಡೂ ಒಟ್ಟಿಗೆ ನೆನಪಿಟ್ಟುಕೊಂಡದ್ದನ್ನು ಅವರು ಒಂದೇ ಕಡೆಯದೆಂದು ತಿಳಿದಿದ್ದರು.

ಸಂಜೆ ಹೊಲದಿಂದ ಬಂದ ಕಾಕಿಯನ್ನು ನಾನು ನೀರಿನ ಕಾಲುವೆಯ ಹತ್ತಿರವೇ ತಡೆದು ಹೇಳಿದೆ. ಅವರು ತಲೆಯ ಮೇಲಿನ ಹುಲ್ಲಿನ ಹೊರೆಯನ್ನೂ ಇಳಿಸದೆ ನಿಂತು ಕೇಳಿದರು.

"ಕಾಕಾಗೆ ಹೇಳ್ಬೇಕು ಕಾಕಿ."

"ಹೇಳಿ ಏನ್ ಮಾಡ್ತೀಯಾ? ಪುಡೀನ ಮತ್ತೆ ಕಲ್ಲು ಮಾಡ್ತೀಯಾ?"

ನಾನು ಅವರ ತಲೆಯ ಹೊರೆಗೆ ಕೈ ಕೊಟ್ಟು ಇಳಿಸಿದೆ.

"ಓದಿದ್ದೀಯ, ಒಂದು ದಾರಿ ಹೇಳು" ಎಂದರು. ಅದು ಚುಚ್ಚುಮಾತಾಗಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ನಾಜ್‌ಪರಿ ಕುಡುಗೋಲನ್ನು ಕಾಲುವೆಯ ನೀರಿನಲ್ಲಿ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಅಪ್ಪಂಗೆ ಯಾರೂ ಹೇಳ್ಬೇಡಿ. ಅಪ್ಪ ಏನು ಕೊಡ್ತಾರೋ ಅದನ್ನ ಹಾಕ್ಕೋತೀನಿ" ಎಂದಳು. ಮನೆಯೊಳಗೆ ಹೋಗುವ ಮೊದಲು ಮುಖ ತೊಳೆದುಕೊಂಡಳು. ಮತ್ತೆ ಮತ್ತೆ ತೊಳೆದುಕೊಂಡಳು.

ಆ ಬೇಸಿಗೆ ಕಾಕಾ ಕೆಲಸ ಮಾಡಿದ ಹಾಗೆ ನಾನು ಎಂದೂ ನೋಡಿಲ್ಲ. ಬೂದು ಕಲ್ಲನ್ನು ಚೂರುಗಳಾಗಿ ಸೀಳಿದರು. ಚೂರುಗಳನ್ನು ಸಾಣೆಯ ಮೇಲೆ ದುಂಡಗೆ ತೀಡಿದರು. ಬಿಲ್ಲಿನ ಬೈರಿಗೆಯಿಂದ ರಂಧ್ರ ಕೊರೆದು, ವಿಲೋ ಮರದ ಹಲಗೆಯ ಮೇಲೆ, ಆಮೇಲೆ ತೊಗಲಿನ ಮೇಲೆ ಉಜ್ಜಿ ಹೊಳಪು ತಂದರು. ಒಂದೊಂದು ಮಣಿ ಮುಗಿದಾಗಲೂ ತುಟಿಗೆ ತಾಗಿಸಿ ನುಣುಪು ನೋಡುತ್ತಿದ್ದರು. ಅವರು ಮಾಡಿದ ಅತಿ ದುಂಡನೆಯ, ಅತಿ ನುಣುಪಿನ ಮಣಿಗಳು ಅವು. ಸಾಣೆಯಿಂದ ಘಾಟು ಬರುತ್ತಿತ್ತು, ಆದರೆ ತೆಳ್ಳಗೆ. "ನನ್ನ ಮೂಗೂ ಹೋಗ್ತಿದೆಯೇನೋ" ಎಂದು ಒಮ್ಮೆ ಅಂದರು. ಕಾಕಿ ಎದ್ದು ಒಳಗೆ ಹೋದರು.

ದಿನಾ ಬೆಳಿಗ್ಗೆ ಸುರ್ಮಾ ಹಚ್ಚಿಕೊಳ್ಳುತ್ತಿದ್ದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. "ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ" ಎನ್ನುತ್ತಿದ್ದರು. ವೈದ್ಯರ ಹನಿಯನ್ನು ಹಾಕಿಕೊಳ್ಳಿ ಎಂದು ನಾನು ಬೇಡಿಕೊಂಡರೆ, "ಒಂದು ಮನೇಲಿ ಇಬ್ಬರು ವೈದ್ಯರು ಜಗಳ ಆಡ್ತಾರೆ ಸನೋಬರ್. ಮದುವೆ ಆಗಲಿ, ಆಮೇಲೆ ನಿನ್ನ ಹನಿ" ಎಂದು ಸಾಗಹಾಕುತ್ತಿದ್ದರು. ಒಂದು ದಿನ ಹಿಪ್ಪುನೇರಳೆ ಎಲೆಯನ್ನು ಮುಖದ ಹತ್ತಿರ ಹಿಡಿದು ನರಗಳೆಲ್ಲ ಕಾಣುತ್ತಿವೆ ಎಂದರು. ಆ ಎಲೆಯನ್ನು ಹುಳು ತಿಂದು ತೂತು ಮಾಡಿತ್ತು. ತೂತಿನ ಮಾತನ್ನು ಅವರು ಎತ್ತಲಿಲ್ಲ.

ಕಾಕಿ ಕೊನೆಯ ಪ್ರಯತ್ನವೊಂದನ್ನು ಮಾಡಿದರು. ಕಲಂದರ್‌ಗೆ ಹೇಳಿ ಕಳಿಸಿ, ಒಂದೇ ಕಲ್ಲಿನ ಕಡುನೀಲಿ ಮಣಿಗಳನ್ನು ಅದೇ ಗಾತ್ರದಲ್ಲಿ ತರಿಸಿದರು. ಪೋಣಿಸುವ ದಿನ ಬೂದು ಮಣಿಗಳ ಬಟ್ಟಲನ್ನು ತೆಗೆದು ಆ ಜಾಗದಲ್ಲಿ ಇವನ್ನು ಇಟ್ಟರು. ಕಲಂದರ್ ಚಹಾ ಕುಡಿಯುವ ನೆಪದಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ದಾರಕ್ಕೆ ಮೇಣ ಹಚ್ಚುತ್ತಿದ್ದೆ.

ಕಾಕಾ ಬಟ್ಟಲಿಗೆ ಕೈ ಹಾಕಿ ಒಂದು ಮಣಿ ಎತ್ತಿಕೊಂಡರು. ಬೆರಳುಗಳ ನಡುವೆ ಉರುಳಿಸಿದರು. ಇನ್ನೊಂದನ್ನು ಎತ್ತಿದರು.

"ಇವು ಯಾರವು?"

"ನಿಮ್ಮವೇ" ಎಂದರು ಕಾಕಿ.

"ಬಖ್ತ್‌ಬೀಬಿ, ನಿನ್ನ ಮಗು ಬದಲು ಬೇರೆಯವರ ಮಗು ತಂದು ಮಡಿಲಿಗೆ ಹಾಕಿದ್ರೆ ನಿಂಗೆ ತಿಳಿಯಲ್ವಾ? ಇದರ ರಂಧ್ರ ಯಂತ್ರದ್ದು. ಬಾಯಿ ಚೂಪಾಗಿದೆ, ದಾರ ಕಡಿಯುತ್ತೆ." ಅವರು ನಕ್ಕರು. "ಕಲಂದರ್, ನಿನ್ನ ಕಿತಾಪತಿ ಏನೋ ಇದು? ನನ್ನ ಬೆರಳನ್ನ ಪರೀಕ್ಷೆ ಮಾಡ್ತಿದೀಯಾ?"

"ಹೌದು ಉಸ್ತಾದ್" ಎಂದ ಕಲಂದರ್. "ಗೆದ್ರಿ." ಅವನು ಚಹಾದ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟು ಹೊರಟುಹೋದ.

ಕಾಕಾ ತಮ್ಮ ಮಣಿಗಳನ್ನೇ ತರಿಸಿಕೊಂಡು, ನಡುವೆ ಬೆಳ್ಳಿಯ ಗುಂಡುಗಳನ್ನು ಸೇರಿಸಿ, ಒಂದೂ ತಪ್ಪದೆ ಪೋಣಿಸಿದರು. ಮದುವೆಯ ಹಿಂದಿನ ದಿನ ನಾಜ್‌ಪರಿಯನ್ನು ಕರೆದು ಕೈಗೆ ಕೊಟ್ಟರು.

"ಹೇಗಿದೆ?"

"ಅಪ್ಪಾ, ಇಷ್ಟು ನುಣುಪು..." ಎಂದಳು. ಮಾತು ಅರ್ಧಕ್ಕೆ ನಿಂತದ್ದು ಸಂತೋಷಕ್ಕೆ ಎಂದು ಅವರು ತಿಳಿದರು.

ಮದುವೆಯ ಬೆಳಿಗ್ಗೆ ತಾವೂಸ್ ಖಾಲಾಗೆ ಮೊದಲೇ ತಿಳಿಸಿಬಿಡಬೇಕೆಂದು ನಾನು ಯೋಚಿಸಿದ್ದೆ. ಆದರೆ ಅವರು ಬಂದಿಳಿದದ್ದೇ ನೆಂಟರ ಹಿಂಡಿನ ನಡುವೆ, ದಫ್ ಬಡಿಯುತ್ತಾ, ಹಾಡುತ್ತಾ. ನಾನು ಅವರ ತೋಳು ಹಿಡಿದು, "ಖಾಲಾ, ಒಂದು ಮಾತು" ಎಂದರೆ, "ಮಾತು ಆಮೇಲೆ ಟೀಚರಮ್ಮ, ಮೊದಲು ನೀರು!" ಎಂದು ನನ್ನನ್ನೇ ಎಳೆದುಕೊಂಡು ಒಳಗೆ ನುಗ್ಗಿದರು. ಬಿಳಿ ಬೋಗುಣಿ ಆಗಲೇ ನಡುಮನೆಯಲ್ಲಿ ಇತ್ತು. ಹೆಂಗಸರು ಸುತ್ತ ಕೂತರು, ಹಿಂದಿದ್ದವರು ಮೊಣಕಾಲೂರಿ ಕತ್ತು ಚಾಚಿದರು. ಬಾಗಿಲಾಚೆ ನನ್ನ ಅಪ್ಪನ ತೋಳು ಹಿಡಿದು ಕಾಕಾ ನಿಂತಿರುವುದು ನನಗೆ ಕಾಣುತ್ತಿತ್ತು. ಹೊಸ ಪೇಟ ಸುತ್ತಿದ್ದರು. ಕಿವಿಯನ್ನು ಬಾಗಿಲ ಕಡೆ ತಿರುಗಿಸಿದ್ದರು.

ತಾವೂಸ್ ಖಾಲಾ ಗಂಟು ಬಿಚ್ಚಿ, ಸರವನ್ನು ನೋಡದೆಯೇ ಎಲ್ಲರಿಗೂ ಕಾಣುವಂತೆ ಎತ್ತಿ, ನೀರಿಗೆ ಇಳಿಸಿದರು.

ಮಣಿಗಳು ತಳ ಮುಟ್ಟಿದವು. ನೀರು ಅಲುಗಾಡಿ ನಿಂತಿತು. ಬೂದು ಇನ್ನಷ್ಟು ಬೂದಾಯಿತು. ಒಂದು ಮಣಿಯಲ್ಲಿ ಮಾತ್ರ ಕೂದಲಿನಷ್ಟು ನೀಲಿ ಎಳೆ ಕಂಡಿತು. ಕೂಗಲೆಂದು ತೆರೆದ ಬಾಯಿಗಳು ಹಾಗೆಯೇ ಉಳಿದವು. ಯಾರದೋ ಮಗು, "ಅಮ್ಮಾ, ಕಲ್ಲು" ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು.

ತಾವೂಸ್ ಖಾಲಾ ನಾಜ್‌ಪರಿಯ ಮುಖ ನೋಡಿದರು. ಕಾಕಿಯನ್ನು ನೋಡಿದರು. ಅಲ್ಲಿಂದ ಬಾಗಿಲ ಕಡೆ ನೋಡಿದರು. ಕೆಂಪು ಕಣ್ಣಿನ, ಹೊಸ ಪೇಟದ ಮನುಷ್ಯ ಕಿವಿಗೊಟ್ಟು ನಿಂತಿರುವುದು ಅವರಿಗೆ ಕಾಣಿಸಿತು. ಆ ಬಾಯಿ ಜೋರಿನ ಹೆಂಗಸಿಗೆ ಎಲ್ಲವೂ ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ತಲೆ ಮೇಲೆತ್ತಿ, ಗಂಟಲು ಹರಿಯುವಂತೆ ಒಬ್ಬರೇ ಕೂಗು ಹಾಕಿದರು. ಪಕ್ಕದವಳನ್ನು ಮೊಣಕೈಯಿಂದ ತಿವಿದರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ಮನೆ ತುಂಬಿತು. ಮಾಳಿಗೆಯ ಪಾರಿವಾಳಗಳೂ ಹಾರಿದವು.

ನಾನು ಜನರನ್ನು ದಾಟಿ ಹೊರಗೆ ಬಂದೆ. ಕಾಕಾ ಅಪ್ಪನ ತೋಳು ಬಿಟ್ಟು ಗೋಡೆಗೆ ಕೈ ಊರಿದ್ದರು.

"ಕೇಳಿಸ್ತಾ ಕಾಕಾ? ಎಂಥಾ ಕೂಗು!" ಎಂದೆ.

"ತಡ ಆಯ್ತು" ಎಂದರು.

"ಏನು?"

"ಎಷ್ಟು ಹೊಸ್ತಿಲಲ್ಲಿ ನಿಂತಿದ್ದೀನಿ ನಾನು. ನೀಲಿ ಕಂಡ ಹೆಂಗಸರು ಕೂಗೋಕೆ ಅಷ್ಟು ಹೊತ್ತು ತಗೊಳ್ಳಲ್ಲ. ಮೊದಲು ಒಬ್ಬಳು, ಆಮೇಲೆ ಉಳಿದವರು ಅಂತ ಇರಲ್ಲ." ಅವರ ಹೆಬ್ಬೆರಳು ಗೋಡೆಯ ಮಣ್ಣಿನ ಮೇಲೆ ಗೀರೊಂದನ್ನು ಹುಡುಕುವಂತೆ ಆಡುತ್ತಿತ್ತು. "ಸನೋಬರ್, ನಾನು ಕುಟ್ಟಿದ್ದು ಯಾವ ಅರ್ಧ?"

ಗೋಡೆಯ ಮೇಲಿನ ಅವರ ಕೈಯನ್ನು ನಾನು ಹಿಡಿದುಕೊಂಡೆ. ಅವರು ಉತ್ತರ ಸಿಕ್ಕಿದವರಂತೆ ತಲೆಯಾಡಿಸಿದರು.

ಬೀಳ್ಕೊಡುವಾಗ ನಾಜ್‌ಪರಿ ಅಪ್ಪನ ಕೈಗೆ ಮುತ್ತಿಡಲು ಬಗ್ಗಿದಳು. ಸರ ಅವಳ ಕೊರಳಲ್ಲಿತ್ತು, ಇನ್ನೂ ಒದ್ದೆಯಾಗಿತ್ತು. ಕಾಕಾ ಒಂದೊಂದೇ ಮಣಿಯನ್ನು ಬೆರಳಿನಿಂದ ಮುಟ್ಟುತ್ತಾ ಹೋದರು. ಜೀಪಿನವನು ಹಾರ್ನ್ ಬಾರಿಸಿದ. ಯಾರೂ ಅವನ ಕಡೆ ತಿರುಗಲಿಲ್ಲ.

"ಪರಿ ಜಾನ್, ನಂಗೆ ಕಾಣಿಸಲಿಲ್ಲ" ಎಂದರು.

"ದಾರ ಗಟ್ಟಿ ಇದೆ ಅಪ್ಪಾ" ಎಂದಳು ಅವಳು.

ಅದಾದ ಮೇಲೆ ಎರಡು ಗೋಧಿ ಕೊಯ್ಲು ಆಗಿವೆ. ಸಾಣೆಯ ಮೇಲೆ ಕಾಕಿ ಈಗ ಒಣಗಿದ ಏಪ್ರಿಕಾಟ್ ತುಂಬಿದ ಬುಟ್ಟಿ ಇಡುತ್ತಾರೆ. ಕಾಕಾಗೆ ಬೆಳಕು, ಕತ್ತಲೆ ಎರಡು ಮಾತ್ರ ಬೇರೆಯಾಗಿ ತಿಳಿಯುತ್ತವೆ. ಫೈಜಾಬಾದಿಗೆ ಹೋಗುವವರ ಕೈಲಿ ನಾನು ಹನಿ ತರಿಸುತ್ತೇನೆ. ನನ್ನ ಸಮಾಧಾನಕ್ಕೆಂದು ಹಾಕಿಸಿಕೊಳ್ಳುತ್ತಾರೆ. ನಾನು ಆಚೆ ಹೋದೊಡನೆ ತಡವಿ ತಡವಿ ಸುರ್ಮಾದ ಸೀಸೆ ಎತ್ತಿಕೊಳ್ಳುವುದು ಗೋಡೆಯೀಚೆಗೂ ಕೇಳಿಸುತ್ತದೆ. ಕಡ್ಡಿ ಸೀಸೆಯ ಬಾಯಿಗೆ ತಾಗುವ ಸಣ್ಣ ಸದ್ದು.

ಕಳೆದ ವಾರ ಸಿಟ್ಟು ತಡೆಯಲಾಗದೆ ಒಳಗೆ ಹೋಗಿ ಕೇಳಿಬಿಟ್ಟೆ. "ಅದರಿಂದ ಏನೂ ಬರಲ್ಲ ಅಂತ ಗೊತ್ತಲ್ಲ ಕಾಕಾ. ಕಣ್ಣು ಉರಿಯುತ್ತೆ. ಎಸೆದುಬಿಡಿ."

ಅವರು ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಅವಳ ಕಲ್ಲು ಕಣೇ" ಎಂದರು. "ಎಲ್ಲಿಗೆ ಎಸೀಲಿ?"

ನಾನು ಸೀಸೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮುಚ್ಚಳ ಬಿಗಿದು ಅವರ ಕೈಗೇ ಹಿಂತಿರುಗಿಸಿದೆ.